ಉಜ್ಜಬೇಡ, ಒತ್ತು: ಕಾರ್ಪೆಟ್ ಕಲೆ ಮತ್ತು ಮನೆಯ ಕನ್ನಡ

ಕೆಂಪು ಸಿಮೆಂಟಿನ ನೆಲ, ಮೊಸಾಯಿಕ್, ಕಡಪಾ ಕಲ್ಲು, ಗ್ರಾನೈಟು. ನಮ್ಮಲ್ಲಿ ಹೆಚ್ಚಿನವರು ಅಂಬೆಗಾಲಿಟ್ಟಿದ್ದು ಇಂಥ ನೆಲದ ಮೇಲೆ. ಏನೇ ಚೆಲ್ಲಿದರೂ ಒಂದು ಬಕೆಟ್ ನೀರು, ಒಂದು ಒರೆಸುಬಟ್ಟೆ, ನಾಲ್ಕು ಹನಿ ಫಿನಾಯಿಲ್. ಹತ್ತು ನಿಮಿಷದಲ್ಲಿ ನೆಲ ಫಳಫಳ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗೆ ಬಂದ ಮೇಲೂ ಕೈ ಅದೇ ಅಭ್ಯಾಸಕ್ಕೆ ಹೋಗುತ್ತದೆ. ಮಕ್ಕಳ ಹಟಕ್ಕೆ ಮಣಿದು ಒಂದು ನಾಯಿಮರಿಯನ್ನೋ ಬೆಕ್ಕಿನಮರಿಯನ್ನೋ ತಂದ ವಾರವೇ ಗೊತ್ತಾಗುತ್ತದೆ, ಆ ವಿದ್ಯೆ ಇಲ್ಲಿ ನಡೆಯುವುದಿಲ್ಲ ಅಂತ.

ಈ ತಿಂಗಳ ಅಂಕಣ ಆ ಕಲೆಯ ಬಗ್ಗೆ. ಅದನ್ನು ತೆಗೆಯುವುದು ಹೇಗೆ ಅನ್ನುವುದು ಒಂದು ಭಾಗ. ಕಲೆ ಕಂಡ ಮೊದಲ ನಿಮಿಷದಲ್ಲಿ ನಿಮ್ಮ ಬಾಯಿಂದ ಬರುವ ಕನ್ನಡ ಇನ್ನೊಂದು ಭಾಗ. ಇವೆರಡಕ್ಕೂ ನೇರ ಸಂಬಂಧವಿದೆ. ಕಲೆ ಹೋಗುತ್ತದೋ ಉಳಿಯುತ್ತದೋ ಅನ್ನುವುದು ಬಹುಪಾಲು ನಾವು ಎಷ್ಟು ಬೇಗ ಕೈ ಹಾಕುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಬೇಗ ಕೈ ಹಾಕಬೇಕಾದರೆ ಕಲೆಯನ್ನು ಮೊದಲು ನೋಡಿದವರು ಬಂದು ಹೇಳಬೇಕು. ಮೊದಲು ನೋಡುವುದು ಸಾಮಾನ್ಯವಾಗಿ ಮಗು. ಬೈಗುಳ ಬೀಳುತ್ತದೆ ಅಂತ ಗೊತ್ತಿರುವ ಮಗು ಬಂದು ಹೇಳುವುದಿಲ್ಲ. ಕಲೆಯ ಮೇಲೊಂದು ದಿಂಬು ಇಟ್ಟು ತನ್ನ ರೂಮಿಗೆ ಹೋಗುತ್ತದೆ.

ಕಾರ್ಪೆಟ್ ಅಂದರೆ ಒಂದು ಪದರ ಅಲ್ಲ

ಕಣ್ಣಿಗೆ ಕಾಣುವುದು ಮೇಲಿನ ನೂಲು ಮಾತ್ರ. ಅದರ ಕೆಳಗೆ ನೂಲನ್ನು ಹಿಡಿದಿಟ್ಟ ಗಟ್ಟಿ ಹಿಂಬದಿ, ಅದರ ಕೆಳಗೆ ಸ್ಪಂಜಿನಂಥ ಪ್ಯಾಡ್, ಅದರ ಕೆಳಗೆ ಮರದ ಅಥವಾ ಕಾಂಕ್ರೀಟಿನ ನೆಲ. ನಾಯಿಯ ಉಚ್ಚೆ ಮೇಲೆ ಅಂಗೈಯಗಲ ಕಂಡರೆ ಕೆಳಗೆ ಪ್ಯಾಡಿನಲ್ಲಿ ಅದಕ್ಕಿಂತ ಅಗಲಕ್ಕೆ ಹರಡಿರುತ್ತದೆ. ನಾವು ಒರೆಸುವುದು ಮೇಲಿನದನ್ನು, ನಾರುವುದು ಕೆಳಗಿನದು.

ಬರೀ ನೀರಿಗೆ ವಾಸನೆ ಯಾಕೆ ಹೋಗುವುದಿಲ್ಲ ಅನ್ನುವುದಕ್ಕೂ ಕಾರಣವಿದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಅದರದ್ದು. ಜೊತೆಗಿರುವ ಯೂರಿಕ್ ಆಮ್ಲ ಒಣಗಿ ಸಣ್ಣ ಹರಳುಗಳಾಗಿ ನೂಲಿಗೆ ಅಂಟಿಕೊಳ್ಳುತ್ತದೆ, ನೀರಿಗೆ ಸುಲಭವಾಗಿ ಕರಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದ ದಿನ ಆ ವಾಸನೆ ಮತ್ತೆ ಏಳುತ್ತದೆ. ಕಲೆ ಹೋಗಿದೆ ಅಂದುಕೊಂಡಿದ್ದ ಮೂಲೆ ಮಳೆ ಬಂದ ದಿನ ಮತ್ತೆ ನಾರುವುದು ಇದಕ್ಕೇ. ನಮ್ಮ ಮೂಗಿಗೆ ತಿಳಿಯದಿದ್ದರೂ ನಾಯಿಗೆ, ಬೆಕ್ಕಿಗೆ ತಿಳಿಯುತ್ತದೆ. ಅವು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತವೆ.

ಮೊದಲ ಹತ್ತು ನಿಮಿಷ

ನೆನಪಿಡಬೇಕಾದ ಮಾತು ಒಂದೇ: ಉಜ್ಜಬೇಡಿ, ಒತ್ತಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಇನ್ನೂ ಒಳಗೆ ಇಳಿಯುತ್ತದೆ, ನೂಲಿನ ತುದಿ ಬಿಚ್ಚಿ ಆ ಜಾಗ ಎಂದೆಂದಿಗೂ ಮಾಸಲಾಗಿ ಕಾಣುತ್ತದೆ.

ಮೊದಲು ಒಣ ಟವೆಲ್ ಅಥವಾ ಪೇಪರ್ ಟವೆಲ್ ದಪ್ಪಗೆ ಮಡಚಿ ಕಲೆಯ ಮೇಲಿಟ್ಟು, ಅದರ ಮೇಲೆ ನಿಂತುಬಿಡಿ. ಕೈಯ ಬಲಕ್ಕಿಂತ ಮೈಯ ಭಾರ ಒಳಗಿನ ತೇವವನ್ನು ಚೆನ್ನಾಗಿ ಮೇಲಕ್ಕೆ ಎಳೆಯುತ್ತದೆ. ಟವೆಲ್ ಒದ್ದೆಯಾದರೆ ಬದಲಿಸಿ. ಹೊಸ ಟವೆಲ್ ಹೆಚ್ಚುಕಡಿಮೆ ಒಣದಾಗಿಯೇ ಬರುವ ತನಕ ಹೀಗೆ ಮಾಡಿ. ಆಮೇಲೆ ಸ್ವಲ್ಪ ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ ತೆಗೆಯಿರಿ. ಬಕೆಟ್ಟಿನಿಂದ ಸುರಿದರೆ ಆ ನೀರು ಉಚ್ಚೆಯನ್ನು ಹೊತ್ತುಕೊಂಡು ಪ್ಯಾಡಿನ ಉದ್ದಗಲಕ್ಕೆ ಹೋಗುತ್ತದೆ.

ನಂತರ ಎನ್‌ಜೈಮ್ ಇರುವ ಕ್ಲೀನರ್. ಸಾಕುಪ್ರಾಣಿಗಳ ಅಂಗಡಿಯಲ್ಲಿ, ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಆ ಪದ ಇದೆಯೇ ನೋಡಿ ಕೊಳ್ಳಿ. ಬರೀ ಸುವಾಸನೆ ಬೀರುವ ಸ್ಪ್ರೇ ಇದಕ್ಕೆ ಆಗದು. ಮೇಲೆ ನಾಲ್ಕು ಸಲ ಸ್ಪ್ರೇ ಹೊಡೆದರೂ ಸಾಲದು, ಉಚ್ಚೆ ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಹೋಗಿದೆಯೋ ಅಲ್ಲಿಯವರೆಗೆ ಇದೂ ಹೋಗಬೇಕು. ಬಾಟಲಿಯ ಮೇಲೆ ಎಷ್ಟು ಹೊತ್ತು ಬಿಡಬೇಕು ಅಂತ ಬರೆದಿದೆಯೋ ಅಷ್ಟು ಹೊತ್ತು ಬಿಡಿ. ಸಾಮಾನ್ಯವಾಗಿ 10ರಿಂದ 15 ನಿಮಿಷ, ಹಳೆಯ ಕಲೆಗೆ ಇನ್ನೂ ಹೆಚ್ಚು. ಎನ್‌ಜೈಮ್ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಕೊನೆಗೆ ಮತ್ತೆ ಒತ್ತಿ, ಫ್ಯಾನ್ ಹಾಕಿ ಒಣಗಿಸಿ. ಒಣಗುವ ತನಕ ಬಟ್ಟೆ ಬುಟ್ಟಿಯನ್ನು ಬೋರಲು ಹಾಕಿಟ್ಟರೆ ನಾಯಿಯೂ ಮಕ್ಕಳೂ ತುಳಿಯುವುದಿಲ್ಲ.

ಮನೆಯಲ್ಲಿ ಎನ್‌ಜೈಮ್ ಬಾಟಲಿ ಇಲ್ಲದ ರಾತ್ರಿ ಅಡುಗೆಮನೆಯೇ ಗತಿ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಹಾಕಿ, ಒತ್ತಿ ತೆಗೆಯಿರಿ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆ ಬರುವುದನ್ನು ನೋಡಲು ಚೆಂದ. ಆದರೆ ಒಂದು ಇನ್ನೊಂದರ ಶಕ್ತಿಯನ್ನು ಅಲ್ಲೇ ಮುಗಿಸಿಬಿಡುತ್ತದೆ. ಯಾವುದನ್ನೇ ಹಾಕುವ ಮುಂಚೆ ಸೋಫಾದ ಹಿಂದೆ, ಕಪಾಟಿನ ಮೂಲೆಯಲ್ಲಿ ಒಂದು ಹನಿ ಹಾಕಿ ಬಣ್ಣ ಬಿಡುತ್ತದೋ ನೋಡಿಕೊಳ್ಳಿ. ಉಣ್ಣೆಯ ಅಥವಾ ರೇಷ್ಮೆಯ ಹಾಸಾದರೆ ಒತ್ತಿ ತೇವ ತೆಗೆದ ಮೇಲೆ ಗೊತ್ತಿರುವವರ ಕೈಗೆ ಕೊಡುವುದೇ ಜಾಣತನ.

ಯಾರಿಗೆ ಯಾವ ಕೆಲಸ

ಈ ಹತ್ತು ನಿಮಿಷದಲ್ಲಿ ಎಷ್ಟು ಕ್ರಿಯಾಪದಗಳು ಬಂದವು ನೋಡಿ: ಮಡಚು, ಒತ್ತು, ಉಜ್ಜು, ಒರೆಸು, ಹಿಂಡು, ಚಿಮುಕಿಸು, ಉದುರಿಸು, ಒಣಗಿಸು. ಇಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡದ ಹೆಸರುಗಳು ಸಾಕಷ್ಟು ಗೊತ್ತಿರುತ್ತವೆ. ಆನೆ, ಹೂವು, ಚಂದಮಾಮ, ಅನ್ನ, ಸಾರು. ಕೈಯ ಕೆಲಸದ ಪದಗಳೇ ಕಡಿಮೆ. ಅವು ಚಿತ್ರಪುಸ್ತಕದಿಂದ ಬರುವುದು ಕಷ್ಟ, ಕೈ ಜೋಡಿಸಿ ಕೆಲಸ ಮಾಡುವಾಗ ಬರುತ್ತವೆ. ಒರೆಸುವುದಕ್ಕೂ ಒತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಒದ್ದೆ ಟವೆಲ್ ಹಿಡಿದು ತೋರಿಸಿದರೆ ಎರಡನೇ ಸಲ ಹೇಳಬೇಕಾಗಿಲ್ಲ.

ನಾಲ್ಕೈದು ವರ್ಷದ ಮಗುವಿಗೆ ಟವೆಲ್ ತರುವ ಕೆಲಸ, ನಾಯಿಯನ್ನು ಇನ್ನೊಂದು ರೂಮಿಗೆ ಕರೆದೊಯ್ಯುವ ಕೆಲಸ ಕೊಡಿ. ಆರೇಳು ವರ್ಷದವರಿಗೆ ಟವೆಲ್ ಮೇಲೆ ನಿಲ್ಲುವ ಕೆಲಸ. ದಪ್ಪ ಟವೆಲ್ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ, ಚಪ್ಪಲಿ ಹಾಕಿಸಿ, "ನಿಂತ್ಕೊ, ಐವತ್ತರ ತನಕ ಎಣಿಸು" ಅನ್ನಿ. ಇಪ್ಪತ್ತರವರೆಗೆ ಓಡುವ ಎಣಿಕೆ ಇಪ್ಪತ್ತೊಂಬತ್ತು, ಮೂವತ್ತರ ಹತ್ತಿರ ಮುಗ್ಗರಿಸುತ್ತದೆ. ಮೂವತ್ತೊಂಬತ್ತಾದ ಮೇಲೆ ನಲವತ್ತು ಅಂತ ನೀವು ಹೇಳಿಕೊಡುವಷ್ಟರಲ್ಲಿ ಟವೆಲ್ ತನ್ನ ಕೆಲಸ ಮಾಡಿರುತ್ತದೆ.

ಹತ್ತು ದಾಟಿದವರು ಬಾಟಲಿಯ ಮೇಲಿನ ಇಂಗ್ಲಿಷ್ ಸೂಚನೆ ಓದಿ ನಿಮಗೆ ಕನ್ನಡದಲ್ಲಿ ಹೇಳಲಿ. "ಹದಿನೈದು ನಿಮಿಷ ಬಿಡಬೇಕಂತೆ, ಬಿಸಿಲಲ್ಲಿ ಇಡಬಾರದಂತೆ." ಆ ಅಂತೆಯನ್ನು ಗಮನಿಸಿ. ಬೇರೆಯವರು ಹೇಳಿದ್ದನ್ನು ತಾನು ದಾಟಿಸುತ್ತಿದ್ದೇನೆ ಅನ್ನುವುದನ್ನು ಆ ಒಂದು ಬಾಲ ಹೇಳುತ್ತದೆ. ಹೊರಗೆ ಬೆಳೆಯುವ ಮಕ್ಕಳ ಬಾಯಲ್ಲಿ ಅದು ಅಪರೂಪ. ಅದನ್ನು ಬಳಸಲು ಇಂಥ ನಿಜವಾದ ಕಾರಣ ಬೇಕು.

ಮಕ್ಕಳಿಗೆ ಕೊಡಬಾರದ ಕೆಲಸವೂ ಇದೆ. ಮಲ, ವಾಂತಿ ಎತ್ತುವುದು ಮತ್ತು ಕ್ಲೀನರ್ ಹಾಕುವುದು ದೊಡ್ಡವರ ಕೆಲಸ, ಅದೂ ಕೈಗವಸು ಹಾಕಿಕೊಂಡು. ಮುಗಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲವನ್ನು ಅವರು ಮುಟ್ಟಬಾರದು. ಅದರಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿಯ ಸೋಂಕು ತಗಲಬಹುದು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ವಾಂತಿ, ಭೇದಿ, ರಕ್ತ

ಗಟ್ಟಿ ಇರುವುದನ್ನು ಮೊದಲು ಚಮಚದಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಅಂಚಿನಿಂದ ನಡುವಿಗೆ ಎತ್ತಿ ತೆಗೆಯಿರಿ. ನಡುವಿನಿಂದ ಅಂಚಿಗೆ ತಳ್ಳಿದರೆ ಕಲೆ ಬೆಳೆಯುತ್ತದೆ. ಆಮೇಲೆ ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚದಷ್ಟೇ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಒತ್ತಿ ತೆಗೆಯಿರಿ, ಬರೀ ನೀರಿನಿಂದ ಇನ್ನೊಮ್ಮೆ. ಸೋಪು ಜಾಸ್ತಿಯಾದರೆ ನೂಲಿನಲ್ಲಿ ಅಂಟು ಉಳಿದು ಆ ಜಾಗ ಮುಂದೆ ಬೇಗ ಕೊಳೆಯಾಗುತ್ತದೆ. ರಕ್ತವಾದರೆ ತಣ್ಣೀರು ಮಾತ್ರ, ಬಿಸಿನೀರು ಅದನ್ನು ನೂಲಿಗೆ ಗಟ್ಟಿಯಾಗಿ ಕೂರಿಸುತ್ತದೆ.

ನಾಯಿಯ ವಾಂತಿಯನ್ನು ಎಸೆಯುವ ಮುಂಚೆ ಒಮ್ಮೆ ನೋಡಿ. ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವ ಪದಾರ್ಥಗಳು ಬಹಳ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಶಾವಿಗೆ ಪಾಯಸಕ್ಕೂ ಕೇಸರಿಬಾತಿಗೂ ಹಾಕುವ ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್. ಇವುಗಳ ಚೂರು ಕಂಡರೆ ಕಾರ್ಪೆಟ್ ಆಮೇಲೆ. ಫೋಟೋ ತೆಗೆದುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ. "ಅವನಿಗೆ ಏನಾದ್ರೂ ಕೊಟ್ಯಾ?" ಅಂತ ಮಗುವನ್ನು ಕೇಳುವಾಗ ದನಿ ಏರಬಾರದು. ಆ ಉತ್ತರ ನಿಜವಾಗಿರಬೇಕು, ನಾಯಿಯ ಜೀವ ಅದರ ಮೇಲಿರಬಹುದು.

ಊರಿನ ಬಾಟಲಿಗಳು ಇಲ್ಲಿ ಬೇಡ

ಅಜ್ಜಿ ತಾತ ಬಂದಿದ್ದಾಗ ನಾಯಿ ಕಾರ್ಪೆಟ್ ಮೇಲೆ ಒಂದ ಮಾಡಿದರೆ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, "ಮನೆಯೊಳಗೆ ನಾಯಿ ಯಾತಕ್ಕೆ?" ಇನ್ನೊಂದು, "ಸ್ವಲ್ಪ ಡೆಟಾಲ್ ಹಾಕು, ಹೋಗುತ್ತೆ." ಮೊದಲನೆಯದಕ್ಕೆ ಈ ಅಂಕಣದಲ್ಲಿ ಉತ್ತರವಿಲ್ಲ. ದೇವರ ಕೋಣೆಗೊಂದು ಚಿಕ್ಕ ಗೇಟು ಹಾಕಿಸಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ಉತ್ತರ ಖಚಿತ: ಬೇಡ. ಡೆಟಾಲ್‌ನಲ್ಲಿರುವ ಕ್ಲೋರೊಕ್ಸೈಲೆನಾಲ್, ಫಿನಾಯಿಲ್‌ಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕ, ಪೈನ್ ಎಣ್ಣೆ ಇವನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಅರಗಿಸಲಾರದು. ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕಿಕೊಳ್ಳುತ್ತದೆ, ವಿಷ ಒಳಗೆ ಹೋಗುತ್ತದೆ. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ, ನಾಯಿಗೆ ಆಗದು.

ಬ್ಲೀಚ್ ಅಂತೂ ಮುಟ್ಟಲೇಬೇಡಿ. ಕಾರ್ಪೆಟ್ ಬಣ್ಣ ಹೋಗುವುದು ಹಾಗಿರಲಿ, ಉಚ್ಚೆಯಲ್ಲಿರುವ ಅಮೋನಿಯದ ಜೊತೆ ಬ್ಲೀಚ್ ಸೇರಿದರೆ ಉಸಿರಿಗೆ ಅಪಾಯವಾದ ಅನಿಲ ಏಳುತ್ತದೆ. ಅಮೋನಿಯ ಇರುವ ಕ್ಲೀನರ್ ಹಾಕಿದರೆ ಆ ಮೂಲೆಯೇ ಬಚ್ಚಲು ಅಂತ ನಾಯಿಗೆ ನೀವೇ ಹೇಳಿಕೊಟ್ಟ ಹಾಗೆ. ಹಬೆಯ ಯಂತ್ರವನ್ನೂ ಉಚ್ಚೆಯ ಕಲೆಗೆ ಬಳಸಬೇಡಿ, ಬಿಸಿಗೆ ಕಲೆಯೂ ವಾಸನೆಯೂ ನೂಲಿನಲ್ಲಿ ಗಟ್ಟಿಯಾಗಿ ಕೂರುತ್ತವೆ.

ಇದನ್ನೆಲ್ಲ ಅತ್ತೆಗೆ ಸೊಸೆ ಹೇಳಿದರೆ ಒಂದು ರೀತಿ ಕೇಳಿಸುತ್ತದೆ, ಮೊಮ್ಮಗಳು ಹೇಳಿದರೆ ಇನ್ನೊಂದು ರೀತಿ. "ಅಜ್ಜೀ, ಅದು ಬೆಕ್ಕಿಗೆ ವಿಷ ಅಂತೆ" ಅಂತ ಹೇಳುವ ಅವಕಾಶವನ್ನು ಅವಳಿಗೇ ಬಿಡಿ. ಅಜ್ಜಿಯ ಮುಂದಿನ ಪ್ರಶ್ನೆಗೂ ಅವಳೇ ಕನ್ನಡದಲ್ಲಿ ಉತ್ತರ ಹುಡುಕಬೇಕಾಗುತ್ತದೆ.

ಹಳೆಯ ಕಲೆ

ವಾಸನೆ ಇದೆ, ಜಾಗ ಗೊತ್ತಿಲ್ಲ ಅನ್ನುವಾಗ ಒಂದು ಯು.ವಿ. ಟಾರ್ಚ್ ಸಾಕು. ರಾತ್ರಿ ಪರದೆ ಎಳೆದು, ದೀಪ ಆರಿಸಿ, ಕಾರ್ಪೆಟ್ ಮೇಲೆ ಬೆಳಕು ಹಾಯಿಸಿ. ಒಣಗಿದ ಉಚ್ಚೆ ಮಂದವಾಗಿ ಹೊಳೆಯುತ್ತದೆ. ಮಕ್ಕಳಿಗೆ ಇದು ಪತ್ತೇದಾರಿ ಆಟ. ಟಾರ್ಚ್ ನಿಮ್ಮ ಕೈಯಲ್ಲಿರಲಿ, ಅದನ್ನು ಯಾರ ಕಣ್ಣಿಗೂ ಬಿಡಬೇಡಿ. ಕಲೆಯ ಸುತ್ತ ಕಾಗದದ ಟೇಪ್ ಅಂಟಿಸುವ ಕೆಲಸ ಮಕ್ಕಳದ್ದು. "ಸೋಫಾದ ಎಡಗಡೆ, ಕಿಟಕಿಯಿಂದ ಎರಡು ಹೆಜ್ಜೆ ಈಚೆ" ಅಂತ ಅವರು ಕೂಗಿ ಹೇಳಬೇಕು. ಕೆಲವು ಸೋಪುಪುಡಿಗಳೂ ಹೊಳೆಯುತ್ತವೆ, ಆದ್ದರಿಂದ ಮೂಗಿನ ಸಾಕ್ಷಿಯೂ ಬೇಕು.

ಸಿಕ್ಕ ಜಾಗವನ್ನು ಮೊದಲು ನೀರಿನಿಂದ ನೆನೆಸಿ ಒತ್ತಿ, ಹಿಂದೆ ಹಾಕಿದ ಸೋಪಿನ ಅಂಶ ತೆಗೆಯಿರಿ. ಆಮೇಲೆ ಎನ್‌ಜೈಮ್ ಧಾರಾಳವಾಗಿ ಹಾಕಿ, ಬೇಗ ಒಣಗದಂತೆ ಮೇಲೆ ಪ್ಲಾಸ್ಟಿಕ್ ಮುಚ್ಚಿ, ಬಾಟಲಿ ಒಪ್ಪುವುದಾದರೆ ರಾತ್ರಿಯಿಡೀ ಬಿಡಿ. ಎರಡು ಮೂರು ಸಲ ಮಾಡಿದರೂ ವಾಸನೆ ಹೋಗದಿದ್ದರೆ ಪ್ಯಾಡಿಗೇ ಇಳಿದಿದೆ ಅಂತ ಅರ್ಥ. ಅಷ್ಟು ಭಾಗದ ಪ್ಯಾಡ್ ಕತ್ತರಿಸಿ ಬದಲಿಸುವುದು ಇಡೀ ಕಾರ್ಪೆಟ್ ಬದಲಿಸುವುದಕ್ಕಿಂತ ಅಗ್ಗ.

ಬಾಡಿಗೆ ಮನೆಯಾದರೆ ಇದು ಅಡ್ವಾನ್ಸ್ ಹಣದ ಪ್ರಶ್ನೆ. ನಡೆದು ನಡೆದು ಕಾರ್ಪೆಟ್ ಸವೆಯುವುದು ಸಹಜ, ಅದಕ್ಕೆ ನಿಮ್ಮ ಹಣ ಹಿಡಿಯುವಂತಿಲ್ಲ. ಸಾಕುಪ್ರಾಣಿಯ ಕಲೆಯನ್ನು ಸಾಮಾನ್ಯವಾಗಿ ಹಾನಿ ಅಂತಲೇ ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಬಂದ ಕಾಯ್ದೆಯ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಅಡ್ವಾನ್ಸ್ 5 ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಹಣ ಅಥವಾ ಕಡಿತದ ವಿವರ ಕೊಡಬೇಕು. ಎಲ್ಲಿದ್ದರೂ ಮನೆಗೆ ಕಾಲಿಟ್ಟ ದಿನವೇ ಪ್ರತಿ ರೂಮಿನ ಕಾರ್ಪೆಟ್ ಫೋಟೋ ತೆಗೆದಿಡಿ. ಹಿಂದಿನವರ ನಾಯಿಯ ಕಲೆಗೆ ನೀವು ದಂಡ ಕಟ್ಟಬಾರದು.

ಬೈಗುಳ ಯಾರಿಗೆ?

ನಾಯಿಯ ಮೂತಿಯನ್ನು ಕಲೆಗೆ ತಿಕ್ಕಿ ಬೈಯುವುದನ್ನು ನಾವೆಲ್ಲ ಊರಲ್ಲಿ ನೋಡಿದ್ದೇವೆ. ಅದರಿಂದ ನಾಯಿ ಏನನ್ನೂ ಕಲಿಯುವುದಿಲ್ಲ. ಅರ್ಧ ಗಂಟೆ ಹಿಂದೆ ಮಾಡಿದ್ದಕ್ಕೂ ಈಗಿನ ಕೋಪಕ್ಕೂ ಅದು ಸಂಬಂಧ ಕಟ್ಟಲಾರದು. ಅದು ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಹೋಗಿ ಮಾಡುವುದು. ಮರಿಗೆ ತಿಂಗಳಿಗೆ ಒಂದು ಗಂಟೆ ಅನ್ನುವುದು ಸ್ಥೂಲ ಲೆಕ್ಕ. ಮೂರು ತಿಂಗಳ ಮರಿ ಹೆಚ್ಚೆಂದರೆ ಮೂರು ಗಂಟೆ ತಡೆಯಬಲ್ಲದು. ಎದ್ದ ತಕ್ಷಣ, ಉಂಡ ತಕ್ಷಣ, ಆಡಿದ ತಕ್ಷಣ ಹೊರಗೆ ಕರೆದೊಯ್ಯಿರಿ, ಅಲ್ಲಿ ಮಾಡಿದರೆ ಹೊಗಳಿ. ಬೆಕ್ಕುಗಳಿದ್ದರೆ ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಮಣ್ಣಿನ ಡಬ್ಬ ಇಡಿ. ರೂಢಿಯಾದ ಪ್ರಾಣಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಅದು ಕಾಯಿಲೆ ಇರಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಡಬ್ಬಕ್ಕೆ ಹೋಗಿ ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ಬೆಳಗಿನ ತನಕ ಕಾಯಬೇಡಿ, ಆಗಲೇ ಪಶುವೈದ್ಯರಲ್ಲಿಗೆ ಹೋಗಿ. ಅದು ಜೀವಕ್ಕೆ ಕುತ್ತು.

ಮಕ್ಕಳ ವಿಷಯವೂ ಬೇರೆಯಲ್ಲ. ನಮ್ಮ ಅನೇಕ ಮನೆಗಳಲ್ಲಿ ಒಂದು ವಿಚಿತ್ರ ಹಂಚಿಕೆ ಇದೆ. ಸಮಾಧಾನದ ಮಾತು, ಶಭಾಷ್‌ಗಿರಿ, ಮಲಗುವ ಮುಂಚಿನ ಹರಟೆ ಇಂಗ್ಲಿಷಿನಲ್ಲಿ. ಕೋಪ ಬಂದ ತಕ್ಷಣ ಅಚ್ಚ ಕನ್ನಡ. "ಎಷ್ಟ್ ಸಲ ಹೇಳ್ಬೇಕು ನಿಂಗೆ? ನಾಯಿ ಬೇಕು ಅಂದೋರ್ ಯಾರು?" ವಾಕ್ಯ ಸೊಗಸಾಗಿದೆ, ಉಚ್ಚಾರ ಸ್ಪಷ್ಟವಾಗಿದೆ. ಮಗು ಮಾತ್ರ ಕನ್ನಡ ಕೇಳಿದೊಡನೆ ಹೆಗಲು ಕುಗ್ಗಿಸುವುದನ್ನು ಕಲಿಯುತ್ತದೆ. ವಾರಕ್ಕೊಂದು ಕನ್ನಡ ತರಗತಿಗೆ ಕಳಿಸಿ ಇದನ್ನು ಸರಿದೂಗಿಸಲು ಆಗುವುದಿಲ್ಲ.

"ಅಮ್ಮಾ, ಹಾಲ್‌ನಲ್ಲಿ ಅವನು ಸುಸ್ಸು ಮಾಡಿದ್ದಾನೆ" ಅಂತ ಮಗು ಬಂದಾಗ ಹೇಳಲು ಒಂದು ವಾಕ್ಯ ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. "ಒಳ್ಳೇದಾಯ್ತು ಹೇಳಿದ್ದು. ಓಡು, ಹಳೇ ಟವೆಲ್ ತಗೊಂಡ್ ಬಾ." ಮೊದಲ ವಾಕ್ಯ ಮಗುವಿಗೆ, ಎರಡನೆಯದು ಕಾರ್ಪೆಟ್ಟಿಗೆ. ಬಾಗಿಲು ಯಾಕೆ ಮುಚ್ಚಿರಲಿಲ್ಲ, ಹೊರಗೆ ಕರೆದೊಯ್ಯುವ ಸರದಿ ಯಾರದಿತ್ತು ಅನ್ನುವ ವಿಚಾರಣೆ ಇದ್ದರೆ ಟವೆಲ್ ಒಣಗಿದ ಮೇಲೆ ಇರಲಿ.

ನಾಯಿಗೂ ಕನ್ನಡದಲ್ಲೇ ಹೇಳಿಕೊಡಬಹುದು. ಅದಕ್ಕೆ ಭಾಷೆಯ ಹಂಗಿಲ್ಲ, ಪ್ರತಿ ಸಲ ಅದೇ ಪದ, ಅದೇ ದನಿ ಇದ್ದರಾಯಿತು. "ಬಾ", "ಕೂತ್ಕೊ", "ಬಿಡು", "ಹೊರಗೆ", "ಒಂದಕ್ಕೆ". ಮನೆಮಂದಿಯೆಲ್ಲ ಒಂದೇ ಪದ ಬಳಸಲು ಒಪ್ಪಿ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಆಗ ನಾಯಿಗೆ ಕನ್ನಡ ಕಲಿಸುವ ಮೇಷ್ಟ್ರು ನಿಮ್ಮ ಮಗು. ಶಿಷ್ಯ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಭಯವಿಲ್ಲ.

ಈ ವಾರಾಂತ್ಯ ಒಂದು ಡಬ್ಬ ತುಂಬಿ ಕಪಾಟಿನಲ್ಲಿಡಿ: ನಾಲ್ಕು ಹಳೆಯ ಟವೆಲ್, ಕೈಗವಸು, ಹಳೆಯ ಚಮಚ, ಎನ್‌ಜೈಮ್ ಬಾಟಲಿ, ಅಡುಗೆ ಸೋಡಾ, ಯು.ವಿ. ಟಾರ್ಚ್. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಡಬ್ಬ ಚಿಕ್ಕವರ ಕೈಗೆಟಕದ ಮೇಲಿನ ಅರೆಯಲ್ಲಿರಲಿ, ಟವೆಲ್ ಮಾತ್ರ ಅವರಿಗೆ ಸಿಗುವ ಕೆಳಗಿನ ಅರೆಯಲ್ಲಿ. ಮೇಲೆ ಒಂದು ಚೀಟಿ ಅಂಟಿಸಿ, ಅಕ್ಷರ ಕಲಿಯುತ್ತಿರುವ ಮಗುವಿನ ಕೈಯಲ್ಲೇ ಬರೆಸಿ: "ಉಜ್ಜಬೇಡ, ಒತ್ತು." ಎರಡು ಒತ್ತಕ್ಷರ ಅಭ್ಯಾಸವೂ ಆಗುತ್ತದೆ.

ನಿಮ್ಮ ಮನೆಯಲ್ಲಿ ಒರೆಸುವ ಬಟ್ಟೆಗೆ ಏನನ್ನುತ್ತೀರಿ? ಒರೆಸುಬಟ್ಟೆಯೋ, ಮಸಿಬಟ್ಟೆಯೋ, ಇನ್ನೇನಾದರೂ ಹೆಸರೋ? ನಿಮ್ಮ ಊರಿನ ಹೆಸರಿನೊಂದಿಗೆ ಬರೆದು ಕಳಿಸಿ. ಮುಂದಿನ ಅಂಕಣದಲ್ಲಿ ಆ ಪದಗಳನ್ನೆಲ್ಲ ಒಟ್ಟಿಗೆ ನೋಡೋಣ.